ಕೆಂಪು ಬಾವುಟ ಎತ್ತಿದ ಶುಕ್ರವಾರ

ಬಿನ್ ಒಮ್ರಾನ್ ಬಡಾವಣೆಯ ನನ್ನ ಮನೆಯಿಂದ ಹೊರಡುವಾಗಲೇ ನನ್ನ ತಲೆ ಕೆಟ್ಟಿತ್ತು. ಭಾರತೀಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ನಾನು. ಸಿಗುವ ಶುಕ್ರವಾರದ ರಜೆಯನ್ನೂ ಕ್ರೀಡಾಕೂಟದ ಸ್ವಯಂಸೇವಕಿಯಾಗಿ ದೋಹಾದ ಬಿಸಿಲಿಗೆ ಸುರಿಯಬೇಕು, ಥೂ! ಉದ್ದಜಿಗಿತದ ಹಲಗೆಯ ಪಕ್ಕ ಒಂದು ಕುರ್ಚಿ, ಕೈಯಲ್ಲಿ ಎರಡು ಬಾವುಟ. ಬಿಳಿ ಎತ್ತಿದರೆ ಜಿಗಿತ ಸರಿ, ಕೆಂಪು ಎತ್ತಿದರೆ ಫೌಲ್.

ಅಂದು ಜಿಗಿಯಲು ಬಂದವರಲ್ಲಿ ಒಬ್ಬಳು ಹಂಗೇರಿಯವಳು, ಎರಡು ದಿನ ಏಳು ಸ್ಪರ್ಧೆ ಆಡುವ ಹೆಪ್ಟಾಥ್ಲಾನಿನವಳು. ಒಂದು ಕಾಲಕ್ಕೆ ಅವಳ ದೇಶದಲ್ಲಿ ಹಾಲಿನ ಪ್ಯಾಕೆಟ್ಟಿನ ಮೇಲೂ ಅವಳದೇ ಮುಖವಂತೆ, ಬೀದಿಗಿಳಿದರೆ ಜನ ಮುತ್ತಿಕೊಳ್ಳುತ್ತಿದ್ದರಂತೆ. ಇದನ್ನೆಲ್ಲ ಹಿಂದಿನ ದಿನ ಹರಕು ಇಂಗ್ಲಿಷಿನಲ್ಲಿ ಹೇಳಿದವರು ಜೊತೆಗೆ ಬಂದಿದ್ದ ಅವಳ ತಾಯಿ. ಆಮೇಲೆ ಮೊಣಕಾಲು ಕೈಕೊಟ್ಟಿತು. ಹಾಲಿನ ಪ್ಯಾಕೆಟ್ಟಿಗೆ ಬೇರೆ ಹುಡುಗಿ ಬಂದಳು. ಈ ಕೂಟದಲ್ಲಿ ಸಾಕಷ್ಟು ಅಂಕ ಬಂದರೆ ದೇಶದ ತಂಡದಲ್ಲಿ ಉಳಿಯುತ್ತಾಳೆ, ಇಲ್ಲದಿದ್ದರೆ ಮನೆಗೆ. ಇಲ್ಲಿ ಅವಳನ್ನು ಬಲ್ಲವರು ಗ್ಯಾಲರಿಯಲ್ಲಿ ಕೂತಿದ್ದ ಆ ತಾಯಿ ಒಬ್ಬರೇ.

ಮೊದಲ ಎರಡು ಜಿಗಿತ ಫೌಲ್. ಮೂರನೆಯದೂ ಹೋದರೆ ಉದ್ದಜಿಗಿತಕ್ಕೆ ಸೊನ್ನೆ. ಅವಳು ಓಡಿ ಬಂದಳು, ಹಾರಿದಳು, ಎಲ್ಲರಿಗಿಂತ ದೂರ ಹೋಗಿ ಬಿದ್ದಳು. ಅಬ್ಬಾ, ಎಂಥ ಜಿಗಿತ! ಆದರೆ ನನ್ನ ಕಣ್ಣು ಹಲಗೆಯ ಅಂಚಿನ ಮೆತ್ತನೆಯ ಜೇಡಿಪಟ್ಟಿಯ ಮೇಲಿತ್ತು; ಅದಕ್ಕೆ ಕಾಲು ತಾಗಿದರೆ ಫೌಲ್. ಬೂಟಿನ ತುದಿ ಅಲ್ಲಿ ಉಗುರಿನಷ್ಟು ಗುರುತು ಮಾಡಿತ್ತು.

ಮರಳು ಸಮ ಮಾಡಲು ನಿಂತಿದ್ದ ಮಂಗಳೂರಿನವರೊಬ್ಬರು ಬಗ್ಗಿ ನೋಡಿ ಪಿಸುಗುಟ್ಟಿದರು. "ಟೀಚರೇ, ಬಿಳಿ ಎತ್ತಿ ಮಾರಾಯ್ರೆ. ಪಾಪ, ಇಲ್ಲಿ ಯಾರು ನೋಡ್ಲಿಕ್ಕೆ ಉಂಟು?"

"ನಾನು ನೋಡಿದೆ ಅಲ್ವಾ? ನೀವು ನಿಮ್ಮ ಮರಳು ನೋಡ್ಕೊಳ್ಳಿ!"

ಕೆಂಪು ಎತ್ತಿದೆ. ಮುಂದಿನ ಹುಡುಗಿ ಓಡುವ ಮೊದಲು ಪಟ್ಟಿಯನ್ನು ಸವರಿ ನುಣ್ಣಗೆ ಮಾಡಬೇಕು, ಅದು ನಿಯಮ. ಮಾಡಿದೆ.

ಎಲ್ಲ ಮುಗಿಯಿತೆಂದು ಗೊತ್ತಿದ್ದೂ ಅವಳು ಈಟಿ ಎಸೆದಳು. ಸಂಜೆ ಎಂಟುನೂರು ಮೀಟರನ್ನೂ ಓಡಿದಳು, ಎಲ್ಲರಿಗಿಂತ ಕೊನೆಗೆ. ಒಂದು ಸ್ಪರ್ಧೆ ಬಿಟ್ಟರೂ ಫಲಿತಾಂಶದಲ್ಲಿ ಸ್ಥಾನವೇ ಇರುವುದಿಲ್ಲ. ಓಟ ಮುಗಿದ ಮೇಲೆ ಹೆಪ್ಟಾಥ್ಲಾನಿನವರದೊಂದು ಪದ್ಧತಿ ಇದೆ. ಗೆದ್ದವರು, ಸೋತವರು ಎಲ್ಲರೂ ಕೈ ಕೈ ಹಿಡಿದು ಗ್ಯಾಲರಿಗೆ ತಲೆಬಾಗುತ್ತಾರೆ. ಅವಳೂ ಬಾಗಿದಳು. ಮುಕ್ಕಾಲು ಗ್ಯಾಲರಿ ಖಾಲಿಯಿತ್ತು.

ಆಮೇಲೆ ಕುಂಟುತ್ತ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೇ ಚೆನ್ನಾಗಿತ್ತು.

"ಎಷ್ಟಿತ್ತು?" ಎಂದು ಕೇಳಿದಳು.

ತೋರಿಸಲು ಗುರುತೇ ಉಳಿದಿರಲಿಲ್ಲ. ಹೆಬ್ಬೆರಳನ್ನೂ ತೋರುಬೆರಳನ್ನೂ ಹತ್ತಿರ ತಂದು, ಇಷ್ಟು, ಎಂದೆ. ಅವಳು ತನ್ನ ಬೆರಳುಗಳನ್ನೂ ಅಷ್ಟೇ ಅಂತರಕ್ಕೆ ಹಿಡಿದಳು. ಹಾಗೆಯೇ ಹಿಡಿದುಕೊಂಡು ಗ್ಯಾಲರಿಯ ಮೆಟ್ಟಿಲು ಹತ್ತಿ, ತಾಯಿಯ ಮುಂದೆ ಚಾಚಿದಳು. ಅವರು ಮಗಳ ಆ ಎರಡು ಬೆರಳುಗಳನ್ನು ತಮ್ಮ ಮುಷ್ಟಿಯೊಳಗೆ ಮುಚ್ಚಿಕೊಂಡು ಕೂತರು.