ಬಿಸಿಲಿಗೆ ಹುಳಿಯಾಗುವ ನೀರು

ನಿಂಬೆಹಣ್ಣು ಕೊಯ್ದರೆ ರಕ್ತ ಬರುತ್ತದೆಂದು ಜನರನ್ನು ಹೆದರಿಸುವವರು ಚಾಕುವಿಗೆ ಮೊದಲೇ ದಾಸವಾಳ ಉಜ್ಜಿಕೊಂಡಿರುತ್ತಾರೆ. ಹುಳಿ ತಾಗಿದರೆ ದಾಸವಾಳದ ರಸ ಕೆಂಪಾಗುತ್ತದೆ, ಅಷ್ಟೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಸೊಕ್ಕಿದ್ದ ನಾನು ರಾಮದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಇದನ್ನು ಬಯಲು ಮಾಡುತ್ತ ತಿರುಗುತ್ತಿದ್ದೆ. ಎರಡು ಸಾವಿರದ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಎದುರುಮನೆಯ ಟೆಂಪೋ ಚಾಚಾ ಕರೆಸಿದಾಗ ಬೀಗಿಕೊಂಡೇ ಹೋದೆ.

ಅವರ ಮಗಳು, ನಾನು ಅಕ್ಕನೆಂಬಂತೆ ಆಪಾ ಎಂದು ಕರೆಯುತ್ತಿದ್ದವಳು, ಧಾರವಾಡದಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಮುಗಿಸಲು ಇನ್ನೆರಡು ವರ್ಷ ಬೇಕಿತ್ತು. ಸವದತ್ತಿಯ ಗಂಡಿನ ಕಡೆಯವರಿಗೆ ಅದೇ ವರ್ಷ ಮದುವೆಯಾಗಬೇಕಿತ್ತು. "ಏನ್ ಮಾಡಾಕತ್ತೀ ಅಂತ ಎಲ್ಲಾರ ಮುಂದ ತೋರ್ಸು. ಖರೇ ಅನಿಸಿದ್ರ ಅವರನ್ನ ಎರಡು ವರ್ಷ ನಿಲ್ಲಸ್ತೇನಿ" ಎಂದು ಮಗಳಿಗೆ ಹೇಳಿದ್ದರು ಚಾಚಾ. ಖರೆಯೋ ಸುಳ್ಳೋ ನೋಡಿ ಹೇಳಲು ನನ್ನನ್ನು ಕರೆಸಿದ್ದರು.

ಬೀಗರೆದುರು ಆಪಾ ಅಂಚೆಚೀಟಿಯಗಲದ ಹಳದಿ ಪ್ಲಾಸ್ಟಿಕ್ ತುಣುಕುಗಳನ್ನು ದಾಸವಾಳ ನೆನೆಸಿದ ನೀರಿಗಿಳಿಸಿ ಅಂಗಳದ ಬಿಸಿಲಿಗಿಟ್ಟಳು. ನೇರಳೆ ನೀರು ಮೆಲ್ಲಗೆ ಗುಲಾಬಿಯಾಯಿತು.

"ನೀರಿಗೆ ಹುಳಿ ಕೊಡೂದು ಪ್ರೋಟಾನು. ಕತ್ತಲದಾಗ ಈ ಪಾಲಿಮರು ಅದನ್ನ ಹಿಡಕೊಂಡಿರತದ. ಬೆಳಕು ಬಿದ್ರ ಬಿಡತದ. ಮುಚ್ಚಿಟ್ರ ವಾಪಸ್ ತಗೋತದ" ಎಂದಳು.

"ಆಪಾ, ನಿಂಬಿರಸ ಎಷ್ಟು ಹಚ್ಚೀರಿ?" ಎಂದೆ. ಬೀಗರು ನಕ್ಕರು. ನಗು ಕೇಳಿದರೆ ನಾನು ನಿಲ್ಲುವವನಲ್ಲ. "ಸಾರಿಗೆ ಹಾಕಿದ ಹುಣಸಿಹುಳಿ, ಕತ್ತಲಾತು ಅಂತ ಎದ್ದು ಹೊರಗ ಬರತೈತೇನ್ರಿ?"

ಚಾಚಾ ಕೂಡ ನಕ್ಕುಬಿಟ್ಟರು. "ಒಂದು ತಾಸು ಮುಚ್ಚಿಟ್ಟು ನೋಡ್ರಿ" ಎಂದ ಆಪಾಳ ಮಾತು ಆ ಗದ್ದಲದಲ್ಲಿ ಯಾರಿಗೂ ಬೇಕಾಗಲಿಲ್ಲ. ಮುಂದಿನ ತಿಂಗಳೇ ನಿಕಾಹ್ ಎಂದು ಚಾಚಾ ಮಾತು ಕೊಟ್ಟರು.

ಸಂಜೆ ಆಪಾ ನಮ್ಮ ಬಾಗಿಲಿಗೆ ಬಂದು ಆ ತುಣುಕುಗಳ ಪೊಟ್ಟಣವನ್ನು ನನ್ನ ಕೈಗಿಟ್ಟಳು. "ನೀನ ಮಾಡು. ನಾ ಮುಟ್ಟೂದಿಲ್ಲ."

ಮರುದಿನ ಬೆಳಿಗ್ಗೆ ಅವನ್ನು ನಾಲ್ಕು ಸಲ ತೊಳೆದೆ. ಹೂವು ನಮ್ಮ ಹಿತ್ತಲದ್ದು, ಗ್ಲಾಸು ನಮ್ಮದು. ಬಿಸಿಲಿಗಿಟ್ಟ ನೀರು ಗುಲಾಬಿಯಾಯಿತು. ಬಿಸಿಲಿನ ಕಾವಿಗಿರಬಹುದೆಂದು ಇನ್ನೊಂದು ಗ್ಲಾಸಿಗೂ ತುಣುಕು ಹಾಕಿ, ಕರಿ ಬಟ್ಟೆ ಸುತ್ತಿ ಪಕ್ಕದಲ್ಲೇ ಇಟ್ಟೆ. ಅದು ನೇರಳೆಯಾಗಿಯೇ ಉಳಿಯಿತು. ಗುಲಾಬಿಯಾದದ್ದರ ಮೇಲೆ ಬೋಗಣಿ ಬೋರಲು ಹಾಕಿ, ತಾಸಿನ ಮೇಲೆ ಎತ್ತಿದೆ. ನೇರಳೆ. ಹುಳಿ ನಿಜಕ್ಕೂ ಹಿಂದಕ್ಕೆ ಹೋಗಿತ್ತು. ಮುಚ್ಚಿಟ್ಟು ನೋಡಬೇಕೆಂದು ನಿನ್ನೆ ನನಗೆ ಅನಿಸಿಯೇ ಇರಲಿಲ್ಲ. ಹಳ್ಳಿ ಹಳ್ಳಿಗೆ ಹೋಗಿ ಪರೀಕ್ಷಿಸಿ ನಂಬಿರೆಂದು ಹೇಳುತ್ತಿದ್ದ ನಾನು ಒಂದು ಪರೀಕ್ಷೆಯನ್ನೂ ಮಾಡದೆ ಒಬ್ಬಳ ಎರಡು ವರ್ಷವನ್ನು ನಗೆಯಲ್ಲಿ ತೇಲಿಸಿಬಿಟ್ಟಿದ್ದೆ.

ಗ್ಲಾಸು ಹಿಡಿದು ಚಾಚಾನ ಬಳಿಗೆ ಓಡಿದೆ. "ಮೊದಲನೇದಾಗಿ..." ಎಂದು ಶುರುಮಾಡುವಷ್ಟರಲ್ಲಿ ಅವರು ತಡೆದರು.

"ನಿನ್ನೆ ಆ ಕಡೆ, ಇವತ್ತ ಈ ಕಡೆ. ಚರ್ಚಾಸ್ಪರ್ಧೆಯೊಳಗ ಚೀಟಿ ಎತ್ತಿ, ಬಂದ ಕಡೆ ವಾದ ಮಾಡ್ತೀರಂತಲ್ಲ ನೀವು. ಇವತ್ತ ಯಾವ ಚೀಟಿ ಬಂತು?"

ಗ್ಲಾಸನ್ನು ಅವರ ಮುಂದಿಟ್ಟೆ. ತಾವೇ ಬಿಸಿಲಿಗಿಟ್ಟರು, ತಾವೇ ಮುಚ್ಚಿದರು, ತೆಗೆದರು, ಮತ್ತೆ ಬಿಸಿಲಿಗಿಟ್ಟರು. ಮಧ್ಯಾಹ್ನದ ಊಟ ಆರಿ ಹೋಯಿತು.

"ನಿನ್ನ ಮಾತು ಕೇಳಿ ಅವರಿಗೆ ಜಬಾನ್ ಕೊಟ್ಟೇನಿ" ಎಂದು ಎದ್ದು ಟೆಂಪೋದ ಕೀಲಿ ತೆಗೆದುಕೊಂಡರು. "ಗಾಡಿ ಹತ್ತು. ಸವದತ್ತಿಗೆ ಬಂದು, ನಾ ತಪ್ಪು ಹೇಳಿದೆ ಅನ್ನು. ಅದರ ಮ್ಯಾಲ ಒಂದು ಮಾತು ಆಡಬ್ಯಾಡ."

ಅಲ್ಲಿ ಅಷ್ಟೇ ಹೇಳಿದೆ. ಚಾಚಾ ಎರಡು ವರ್ಷ ಕೇಳಿದರು. ಅಷ್ಟು ಕಾಯುವುದು ಆಗದೆಂದು ಗಂಡಿನ ಕಡೆಯವರೂ ಅಷ್ಟೇ ಹೇಳಿದರು. ಸಂಬಂಧ ಮುರಿಯಿತು. ಚಾಚಾ ಚಹಾ ಮುಗಿಸಿ ಸಲಾಂ ಹೇಳಿ ಹೊರಬಂದರು.

ಸೋಮವಾರ ಆಪಾ ಧಾರವಾಡದ ಬಸ್ಸು ಹತ್ತಿದಳು. ಚೀಲ ಎತ್ತಿಕೊಡಲು ಕೈ ಚಾಚಿದೆ. "ಇರಲಿ" ಎಂದು ತಾನೇ ಎತ್ತಿಕೊಂಡು ಒಳಗೆ ಹೋದಳು.