ಈಗ ನಿಮ್ಮ ಮಾತಲ್ಲಿ ಹೇಳಿ

ಚಾಮರಾಜಪೇಟೆಯ ನಮ್ಮ ಪಕ್ಕದ ಮನೆಯಲ್ಲಿದ್ದ ವಕೀಲಮ್ಮ ಜಗಲಿಯ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಲೇ ಬೀದಿಯವರಿಗೆಲ್ಲ ಕಾನೂನು ಬಿಡಿಸಿ ಹೇಳುತ್ತಿದ್ದರು. "ನಾಮಿನಿ ಅಂದ್ರೆ ಕೋಸಂಬರಿ ಹಂಚೋನು ಕಣ್ರೀ. ಪಾತ್ರೆ ಕೈಲಿದೆ ಅಂತ ಎಲ್ಲಾ ಅವನೇ ತಿನ್ನೋ ಹಾಗಿಲ್ಲ" ಎಂದು ನಕ್ಕು, ಕೊನೆಗೆ, "ಎಲ್ಲಿ, ಈಗ ನಿಮ್ಮ ಮಾತಲ್ಲಿ ಹೇಳಿ" ಎನ್ನುತ್ತಿದ್ದರು. ಕೇಳಿದವರು ತಿರುಗಿ ಒಪ್ಪಿಸುವವರೆಗೂ ಬಿಡುತ್ತಿರಲಿಲ್ಲ.

ಒಂದು ಗೌರಿ ಹಬ್ಬಕ್ಕೆ ಎದುರುಮನೆಯ ಹೆಂಗಸಿಗೆ ಅವಳ ಅಣ್ಣ ಬಾಗಿನ ತಂದುಕೊಟ್ಟು, ತಂದೆಯ ಮನೆಯಲ್ಲಿದ್ದ ಅವಳ ಪಾಲನ್ನು ತನಗೆ ಬಿಟ್ಟುಕೊಡಲು ಸಹಿ ಕೇಳಿದ. ಅವಳು ಅವನು ಕೊಟ್ಟ ಕಾಗದ ಹಿಡಿದುಕೊಂಡೇ ಜಗಲಿಗೆ ಓಡಿ ಬಂದಳು.

"ಇದು ಹಕ್ಕು ಬಿಡುಗಡೆ ಪತ್ರ ಕಣಮ್ಮಾ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆಮೇಲೆ ಹಾಲು ವಾಪಸ್ ಬೇಕು ಅಂದ್ರೆ ಬರಲ್ಲ" ಎಂದರು ವಕೀಲಮ್ಮ. "ಎಲ್ಲಿ, ಈಗ ನಿನ್ನ ಮಾತಲ್ಲಿ ಹೇಳು."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಹೇಳಿದಳು: "ಸೈನ್ ಹಾಕಿದ್ರೆ ಪಾಲು ಹೋಗತ್ತೆ. ಹಾಕ್ದೇ ಇದ್ರೆ ಅಣ್ಣ ಹೋಗ್ತಾನೆ. ಸರಿಯಾ ಆಂಟೀ?"

ವಕೀಲಮ್ಮ ಹುರುಳಿಕಾಯಿ ಕೆಳಗಿಟ್ಟರು. ತಿದ್ದುವಂಥದ್ದೇನೂ ಇರಲಿಲ್ಲ.

ಅವಳು ಸಹಿ ಹಾಕಿದಳು. ಮರುವರ್ಷ ಗೌರಿ ಹಬ್ಬದ ದಿನ ಸಂಜೆಯವರೆಗೂ ಗೇಟಿನ ಬಳಿ ನಿಂತಿದ್ದಳು, ಬಾಗಿನ ಬರಲಿಲ್ಲ. ವಕೀಲಮ್ಮ ಆಮೇಲೂ ಜಗಲಿಯಲ್ಲಿ ಕೂತು ಕಾನೂನು ಹೇಳುತ್ತಿದ್ದರು. "ನಿಮ್ಮ ಮಾತಲ್ಲಿ ಹೇಳಿ" ಎನ್ನುವುದನ್ನು ಮಾತ್ರ ಬಿಟ್ಟುಬಿಟ್ಟರು.