ದೀಪ ಹಚ್ಚಿದ ಮೇಲಿನ ಸೂಜಿ

ಸೂಜಿಯಂಥ ಬಡಪಾಯಿ ವಸ್ತುವಿಗೆ ನಮ್ಮ ರೋಣದ ಕಡೆ ಇರುವಷ್ಟು ಕಟ್ಟುಪಾಡು ಕತ್ತಿಗೂ ಇದ್ದಂತಿಲ್ಲ. ದೀಪ ಹಚ್ಚಿದ ಮೇಲೆ ಅದನ್ನು ಕೇಳಬಾರದು, ಕೊಡಬಾರದು, ಮಾರಬಾರದು. ಹಗಲಿನಲ್ಲಿಯೂ ಕೈಯಿಂದ ಕೈಗೆ ದಾಟಿಸಿದರೆ ಜಗಳ ಖಚಿತ. ಸೂಜಿಯನ್ನು ಹೀಗೆ ತಲತಲಾಂತರದಿಂದ ಸಂಶಯದಿಂದಲೇ ಕಂಡ ಸಂಸ್ಕೃತಿಯ ವಾರಸುದಾರನಾದ ನನಗೆ, ಗಜೇಂದ್ರಗಡಕ್ಕೆ ಕೊಟ್ಟ ಅಣ್ಣನ ಮಗಳು ಶೈಲಾ ಮಕ್ಕಳಾಗಲೆಂದು ಮೈಗೆ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಾಳೆಂಬ ಸುದ್ದಿ ಬಂದಾಗ ಸುಮ್ಮನಿರಲಾಗಲಿಲ್ಲ. ಮೊಬೈಲು ಆಗತಾನೆ ನಮ್ಮ ಕಿಸೆಗಳಿಗೆ ಇಳಿದಿದ್ದ ಕಾಲ, ಅದರಲ್ಲೇ ವಿಚಾರಿಸಬಹುದಿತ್ತು. ಆದರೆ ಸಂಶಯವೆಂಬುದು, ಓದುಗ ಮಿತ್ರರೇ, ಬಸ್ಸು ಹತ್ತಿ ಹೋಗಿ ಖುದ್ದಾಗಿ ಪಡಬೇಕಾದ ಸುಖ.

ಅಕ್ಯುಪಂಕ್ಚರ್ ಎಂಬ ಈ ಸೂಜಿ ಚಿಕಿತ್ಸೆಯ ವೈದ್ಯರು ಮುಂಜಾನೆ ನರಗುಂದದಲ್ಲಿಯೂ ಸಂಜೆ ಗಜೇಂದ್ರಗಡದ ಸೀರೆ ಅಂಗಡಿಯೊಂದರ ಮಾಳಿಗೆಯಲ್ಲಿಯೂ ವಿರಾಜಮಾನರಾಗುವವರು. ಗೋಡೆಯ ಮೇಲೆ ಒಬ್ಬ ಮನುಷ್ಯನ ಚಿತ್ರ. ಅವನ ಮೈತುಂಬ ಗೆರೆ, ಗೆರೆಯುದ್ದಕ್ಕೂ ಚುಕ್ಕೆ. ರೈಲನ್ನೇ ಕಾಣದ ಊರಿನಲ್ಲಿ ಒಬ್ಬನೇ ಮನುಷ್ಯನ ಮೈಮೇಲೆ ಇಷ್ಟೊಂದು ಸ್ಟೇಷನ್ನುಗಳನ್ನು ಕಂಡು ನನ್ನ ಸಂಶಯ ದ್ವಿಗುಣವಾಯಿತು.

“ಕಿವಿಗೆ ಚುಚ್ಚಿದರ ಹೊಟ್ಟ್ಯಾಗ ಕೂಸು ಹ್ಯಾಂಗ ಆಗತೈತ್ರಿ?” ಎಂದೆ.

“ನೀರಿನ ನಳಾ ಒಂದ ಕಡೆ, ಅದನ್ನ ಬಿಡೂ ವಾಲ್ವ್ ಒಂದ ಕಡೆ ಇರತಾವಲ್ರಿ, ಹಂಗ,” ಎಂದರು ವೈದ್ಯರು.

ನಮ್ಮೂರ ನಳದ ಚರಿತ್ರೆ ಬಲ್ಲವನಿಗೆ ಇದು ಸಮಾಧಾನದ ಉಪಮೆಯಾಗಿರಲಿಲ್ಲ. ಆದರೆ ಅವರೇ ಮುಂದುವರಿದು, “ಕೂಸು ಆಗೇ ಆಗತೈತಿ ಅಂತ ನಾ ಮಾತ ಕೊಡಂಗಿಲ್ರಿ. ಹುಬ್ಬಳ್ಳಿ ಡಾಕ್ಟರ ಔಷಧ ಬಿಡಬ್ಯಾಡ್ರಿ. ಇದು ಅದರ ಜೋಡಿ, ಅಷ್ಟ,” ಎಂದುಬಿಟ್ಟರು. ಭರವಸೆ ಕೊಡುವ ವೈದ್ಯರನ್ನು ಸಂಶಯಿಸುವುದರಲ್ಲಿ ನನಗೆ ಪರಿಣತಿಯಿದೆ. ಭರವಸೆಯನ್ನೇ ಕೊಡದವರನ್ನು ಯಾವ ತುದಿಯಿಂದ ಹಿಡಿದು ಸಂಶಯಿಸಬೇಕೆಂದು ತಿಳಿಯದೆ ಚಡಪಡಿಸಿದೆ. ಪರದೆಯಾಚೆ ಸೂಜಿಗಳ ಸಮೇತ ಮಲಗಿದ್ದ ಶೈಲಾ ಕೂಗಿದಳು: “ಕಾಕಾ, ಇಲ್ಲಿ ಮಲಗಿದ್ದಾಗ ಯಾರೂ ನನಗ ಏನೂ ಕೇಳಂಗಿಲ್ಲ. ನೀವೂ ಕೇಳಬ್ಯಾಡ್ರಿ.”

ನಾವು ಮನೆ ಮುಟ್ಟುವಷ್ಟರಲ್ಲಿ ದೇವರ ಮುಂದೆ ದೀಪ ಹತ್ತಿತ್ತು. ಅವಳ ಅತ್ತೆ ಗೌರವ್ವ ಬಾಗಿಲಲ್ಲೇ ತಡೆದರು.

“ದೀಪಾ ಹಚ್ಚೂ ಹೊತ್ತನ್ಯಾಗ ಸೂಜಿ ಚುಚ್ಚಿಸಿಕೊಂಡ ಬಂದ್ಯಾ? ಮನಿಗೆ ಚಲೋ ಅಲ್ಲವ್ವಾ. ನಾಳಿಂದ ಮುಂಜಾನಿ ನರಗುಂದಕ್ಕ ಹೋಗು.”

“ನಾಳಿ ಮುಂಜಾನಿ ಹುಬ್ಬಳ್ಳಿ ದವಾಖಾನಿ ಐತ್ರಿ ಅತ್ತಿ.”

“ಹುಬ್ಬಳ್ಳಿ ಸಾಕು. ಸೂಜಿ ಐತಲ್ಲ.”

ಹುಬ್ಬಳ್ಳಿಯ ಡಾಕ್ಟರಮ್ಮ ಗಂಡನನ್ನೂ ಪರೀಕ್ಷೆಗೆ ಕರೆತರಲು ಹೇಳುತ್ತಲೇ ಬಂದಿದ್ದರು. ಅವಳ ಗಂಡ ಬಸವರಾಜ ಮಗ್ಗದ ನೆಪ ಹೇಳಿ ತಪ್ಪಿಸಿಕೊಳ್ಳುತ್ತಲೇ ಬಂದಿದ್ದ. ಈಗ ಸೂಜಿಯ ಹೆಸರಿನಲ್ಲಿ ಹುಬ್ಬಳ್ಳಿಯೇ ತಪ್ಪಿದರೆ ಬಂಜೆಯೆಂಬ ಹೆಸರು ಯಾವ ವಿಚಾರಣೆಯೂ ಇಲ್ಲದೆ ಶೈಲಾಳಿಗೇ ಖಾಯಂ ಆಗುವುದಿತ್ತು. ಅವಳು ಹೊಸ್ತಿಲ ಮೇಲಿಂದ ಅಲುಗಲಿಲ್ಲ.

“ನಿಮ್ಮ ಮಗನ್ನೂ ತೋರಸ್ರಿ ಅಂದಾರ್ರಿ.”

“ನನ್ನ ಮಗಗ ಏನಾಗೇತಿ? ಎತ್ತಿನಂಗ ಅದಾನ!”

ಎರೆಹೊಲದಲ್ಲೇ ಹುಟ್ಟಿ ಬೆಳೆದ ಗೌರವ್ವನವರಿಗೆ, ಹೋರಿಗೆ ಏನು ಮಾಡಿದರೆ ಅದು ಎತ್ತಾಗುತ್ತದೆಂಬುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆಡಿದ ಮಾತು ಅವರ ಕಿವಿಗೇ ಒಂದು ಗಳಿಗೆ ತಡವಾಗಿ ಮುಟ್ಟಿತು. ಒಳಬಾಗಿಲಲ್ಲಿ ನಿಂತಿದ್ದ ಬಸವರಾಜ ಕಂಬ ನೋಡತೊಡಗಿದ. ನಾನು ಛಾವಣಿ ನೋಡಿದೆ. ಶೈಲಾ ನಗಲಿಲ್ಲ, ಅದು ಅವಳ ದೊಡ್ಡತನ.

“ಇಬ್ರೂ ಹೋಗಿ ಬರ್ರಿ,” ಎಂದರು ಗೌರವ್ವ ಕಡೆಗೆ. ಆಮೇಲೆ, ಸೋತವರಿಗೂ ಒಂದು ಗೆಲುವು ಬೇಕಲ್ಲ, ನನ್ನತ್ತ ತಿರುಗಿದರು: “ಆದರ ಸಂಜಿಮುಂದ ಸೂಜಿ ನಡ್ಯಂಗಿಲ್ಲ. ಶಾಸ್ತ್ರ ಏನ ಹೇಳತೈತಿ, ನೀವ ಹೇಳ್ರಿ ಬೀಗರ.”

“ಕೊಡೂದು ತಗೊಳ್ಳೂದು ಬ್ಯಾಡ ಅಂತೈತ್ರಿ. ಆಕಿ ಒಂದೂ ಮನಿಗೆ ತಂದಿಲ್ಲ,” ಎಂದು ಗಂಭೀರವಾಗಿ ತೀರ್ಪಿತ್ತೆ. ಶಾಸ್ತ್ರವನ್ನು ಓದಿದ್ದೀರಾ ಎಂದು ಅವರು ಕೇಳಲಿಲ್ಲ. ನಾನೂ ಆ ವಿಷಯ ಎತ್ತಲಿಲ್ಲ.

ಕಿವಿಯ ಸೂಜಿಯಿಂದ ಮಡಿಲು ತುಂಬುತ್ತದೆಂದು ನಾನು ಇಂದಿಗೂ ನಂಬಿಲ್ಲ. ಆದರೆ ಅಂದಿನಿಂದ ‘ನನ್ನ ಮಗಗ ಏನಾಗೇತಿ’ ಎಂಬ ಮಾತು ಎಲ್ಲಿ ಕೇಳಿದರೂ ನನ್ನ ಸಂಶಯವೆಲ್ಲ ಸೂಜಿಯನ್ನು ಬಿಟ್ಟು ಆ ಕಡೆ ಹೊರಳುತ್ತದೆ.

ಮರುದಿನ ಹುಬ್ಬಳ್ಳಿ ಬಸ್ಸಿನಲ್ಲಿ ಅಬ್ಬಿಗೇರಿ ದಾಟುವವರೆಗೂ ಬಸವರಾಜ ಟಿಕೀಟನ್ನು ಮಡಚುತ್ತ ಬಿಚ್ಚುತ್ತ ಕುಳಿತಿದ್ದ. ಅನಂತರ ಹಿಂದಿನ ಸೀಟಿನಲ್ಲಿದ್ದ ನನ್ನತ್ತ ಬಾಗಿ, ಹೆಂಡತಿಗೆ ಕೇಳಿಸದಂತೆ ಕೇಳಿದ: “ಕಾಕಾ, ಅಲ್ಲಿ ನನಗೂ ಸೂಜಿ ಚುಚ್ಚತಾರೇನ್ರಿ?”

ಅವಳಿಗೆ ಕೇಳಿಸಿತ್ತು. ಕಿಟಕಿಯಿಂದ ಮುಖ ತಿರುಗಿಸಿ ಅವನ ಮುಂಗೈ ಹಿಡಿದಳು.

“ಕಣ್ಣ ಮುಚಿಗೊಳ್ರಿ. ಇರಿವಿ ಕಚ್ಚಿದಂಗ, ಅಷ್ಟ.”